ಹೆಸರು ಕೇಳದೆ ಕೊಟ್ಟ ಹಾಲು

ಮೂರು ಗೆರೆಗಳು. ಹೊಕ್ಕುಳಿನ ಕೆಳಗೆ, ಒಂದರ ಪಕ್ಕ ಒಂದು, ಬೆರಳಗಲ ಜಾಗ ಬಿಟ್ಟು ಎಳೆದ ಬರೆಯ ಗುರುತುಗಳು. ಮದುವೆಯಾದ ಎರಡು ವರ್ಷದಿಂದಲೂ ಗಂಡನ ಹೊಟ್ಟೆಯ ಮೇಲೆ ಸೆಲ್ಕಾ ಅವನ್ನು ನೋಡಿದ್ದಳು. ಕೆಲವರಿಗೆ ಮಚ್ಚೆ ಇರುವ ಹಾಗೆ ಇವನಿಗೆ ಇದು ಎಂದುಕೊಂಡು ಸುಮ್ಮನಿದ್ದಳು. ಹನ್ನೊಂದು ದಿನಗಳಿಂದ ಮಾತ್ರ ಅವಳ ಕಣ್ಣಿಗೆ ಬೇರೇನೂ ಕಾಣುತ್ತಿರಲಿಲ್ಲ. ಮಗುವಿನ ಹಾಸಿಗೆಯ ಪಟ್ಟೆಯಲ್ಲಿ, ಮೀನಿನ ಮೈಮೇಲೆ ಚಾಕು ಎಳೆದ ಗೀಟಿನಲ್ಲಿ, ಬಾಗಿಲ ಸಂದಿಯಿಂದ ನುಸುಳಿ ನೆಲದ ಮೇಲೆ ಸಾಲುಗಟ್ಟುವ ಮರಳಿನಲ್ಲಿ, ಎಲ್ಲಿ ನೋಡಿದರೂ ಅದೇ ಮೂರು ಗೆರೆ.

ಶುರುವಾದದ್ದು ಮಗುವಿನ ಹೊಟ್ಟೆನೋವಿನಿಂದ. ಲೆಮೀನಾಗೆ ಆಗ ಐದು ತಿಂಗಳು. ಸೆಲ್ಕಾ ಮೊದಲೇ ಪುಕ್ಕಲು ತಾಯಿ. ನುವಾಕ್‌ಶೋತಿನ ಒಳ್ಳೆಯ ಶಾಲೆಯಲ್ಲಿ ಓದಿದವಳು, ಅದಕ್ಕೇ ಇನ್ನಷ್ಟು ಪುಕ್ಕಲು. ಮಗು ಎಷ್ಟು ಹೊತ್ತಿಗೆ ಕುಡಿಯಿತು, ಎಷ್ಟು ಸಲ ಒದ್ದೆ ಮಾಡಿತು ಎಂದು ಒಂದು ನೋಟ್‌ಪುಸ್ತಕದಲ್ಲಿ ಬರೆದಿಡುತ್ತಿದ್ದಳು. ಜ್ವರ ಇಲ್ಲದಿದ್ದರೂ ದಿನಕ್ಕೆರಡು ಸಲ ಥರ್ಮಾಮೀಟರ್ ಇಡುತ್ತಿದ್ದಳು. ಆ ಮಧ್ಯಾಹ್ನ ಮಗು ಕಾಲು ಮಡಚಿಕೊಂಡು ಒಂದೇ ಸಮ ಕಿರುಚುತ್ತಿದ್ದಾಗ ಅವಳು ತಾಯಿಯ ಮನೆಗೆ, ಎರಡು ಬೀದಿ ಆಚೆಗೆ, ಎತ್ತಿಕೊಂಡು ಓಡಿದಳು. ಅಲ್ಲಿ ಅಮ್ಮ ಮುನೀನಾ ಚಹಾ ಕಾಯಿಸುತ್ತ ಕೂತಿದ್ದಳು. ಪಕ್ಕದ ಮನೆಯ ಬಿಂತಾ ಎದುರಿಗಿದ್ದಳು.

"ಆ ಬಾಟಲಿ ಔಷಧಿ ಎಲ್ಲ ಬಿಸಾಕು ಮಗಳೇ," ಎಂದಳು ಬಿಂತಾ. "ಒಂದು ಮೊಳೆ ಕೆಂಪಗೆ ಕಾಯಿಸಿ ಹೊಕ್ಕುಳ ಕೆಳಗೆ ಮೂರು ಗೀಟು ಎಳೀತೀನಿ. ನಾಳೆಯಿಂದ ಅಳು ಅಂದ್ರೂ ಅಳಲ್ಲ."

"ನನ್ನ ಮಗೂಗೆ ಬರೆ ಹಾಕ್ತೀಯಾ? ಮೊದಲು ನನಗೆ ಹಾಕು."

"ನಿನಗೆ ಹಾಕಿದ್ರೂ ತಪ್ಪಿಲ್ಲ. ಸ್ವಲ್ಪ ಧೈರ್ಯನಾದ್ರೂ ಬಂದೀತು."

ಮುನೀನಾ ನಗಲಿಲ್ಲ. ಕೆಟಲನ್ನು ಎತ್ತರಕ್ಕೆ ಹಿಡಿದು ಲೋಟಕ್ಕೆ ಚಹಾ ಬಗ್ಗಿಸುತ್ತಿದ್ದವಳ ಕೈ ಹಾಗೇ ನಿಂತುಬಿಟ್ಟಿತು. ಲೋಟ ತುಂಬಿ, ತಟ್ಟೆ ತುಂಬಿ, ಚಾಪೆಯ ಮೇಲೆ ಹರಿಯಿತು.

"ಆ ಮಾತು ಆಡಬೇಡ ಬಿಂತಾ," ಎಂದಳು. "ಆ ಕೂಸಿಗೂ ಹಾಗೇ ಇತ್ತು. ಹೊಕ್ಕುಳ ಕೆಳಗೆ ಮೂರು ಗೀಟು. ಇನ್ನೂ ಹಸಿಗಾಯ, ನೀರು ಒಸರ್ತಿತ್ತು."

"ಯಾವ ಕೂಸಿಗಮ್ಮ?" ಎಂದು ಕೇಳಿದಳು ಸೆಲ್ಕಾ.

"ಇನ್ಯಾವ ಕೂಸು."

ಆ ಕೂಸಿನ ಸಂಗತಿ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಸೆಲ್ಕಾ ಅದನ್ನು ಕೇಳುತ್ತಲೇ ಬೆಳೆದಿದ್ದಳು. ಆದರೆ ಬರೆಯ ಮಾತು ಅಮ್ಮನ ಬಾಯಿಂದ ಬಂದದ್ದು ಅದೇ ಮೊದಲು.

"ಇಷ್ಟು ವರ್ಷ ಇದನ್ನ ಯಾಕೆ ಹೇಳಲಿಲ್ಲ?"

"ಹೇಳಿ ಏನು ಮಾಡ್ಲಿ? ಊರ ಗಂಡಸರನ್ನೆಲ್ಲ ಸಾಲಾಗಿ ನಿಲ್ಲಿಸಿ, ಅಂಗಿ ಎತ್ರಪ್ಪಾ, ಹೊಟ್ಟೆ ತೋರಿಸಿ ಅಂತ ಕೇಳ್ಲಾ?"

ಬಿಂತಾ ಬಿದ್ದು ಬಿದ್ದು ನಕ್ಕಳು. ಸೆಲ್ಕಾ ಮಗುವನ್ನು ಎದೆಗವಚಿಕೊಂಡು ಎದ್ದು ಮನೆಗೆ ಬಂದಳು. ಬರುವ ದಾರಿಯಲ್ಲಿ ಮಗುವಿನ ಹೊಟ್ಟೆನೋವು ತಾನಾಗಿ ನಿಂತಿತ್ತು. ಅದು ಅವಳ ಗಮನಕ್ಕೆ ಬಂದದ್ದು ಸಂಜೆ.

ಮರಳುಗಾಡಿನ ಅಂಚಿನ ಈ ಊರಿಗೆ, ನುವಾಕ್‌ಶೋತಿಗೆ, ಬಂದಾಗ ಮುನೀನಾಗೆ ಹತ್ತೊಂಬತ್ತು. ಪೂರ್ವದ ಹುಲ್ಲುಗಾವಲಿನಲ್ಲಿ ಹುಟ್ಟಿ, ಎರಡು ರಾತ್ರಿ ಒಂದೇ ಕಡೆ ಮಲಗಿದರೆ ನೆಲ ಹಳಸಿತು ಎನ್ನುವ ಜನರ ನಡುವೆ ಬೆಳೆದವಳು. ಮೂರು ವರ್ಷ ಮಳೆ ತಪ್ಪಿತು. ಮೊದಲು ಹಸುಗಳು ಹೋದವು, ಆಮೇಲೆ ಕುರಿ, ಕೊನೆಗೆ ಗುಡಾರ ಹೊರುವ ಒಂಟೆಯೂ ದಾರಿಯಲ್ಲಿ ಮಂಡಿಯೂರಿ ಮತ್ತೆ ಏಳಲಿಲ್ಲ. ಗುಡಾರದ ಬಟ್ಟೆಯನ್ನು ಗಂಡ ಹೆಗಲ ಮೇಲೆ ಹೊತ್ತ. ಮುನೀನಾಳ ಹೆಗಲಲ್ಲಿ ಮೂರು ತಿಂಗಳ ಚೊಚ್ಚಲ ಮಗಳು. ಊರಿನ ನೀರಿನ ಟ್ಯಾಂಕು ದೂರದಲ್ಲಿ ಕಾಣುತ್ತಿದ್ದ ಬೆಳಿಗ್ಗೆ ಆ ಮಗು ಉಸಿರು ಬಿಟ್ಟಿತು. ಟ್ಯಾಂಕಿನ ನೆರಳು ಬೀಳುವಷ್ಟು ಹತ್ತಿರದಲ್ಲಿ ಹೂತರು. ಅದರ ಕೊರಳಿನ ಚರ್ಮದ ತಾಯತವನ್ನು ಮಾತ್ರ ಮುನೀನಾ ಬಿಚ್ಚಿಟ್ಟುಕೊಂಡಳು. ಈಗ ಆ ಜಾಗದಲ್ಲಿ ಟೈರು ಅಂಗಡಿಗಳ ಸಾಲಿದೆ. ಯಾವ ಅಂಗಡಿಯ ಕೆಳಗೆ ಎಂದು ಅವಳಿಗೂ ಗೊತ್ತಿಲ್ಲ.

ಊರಂಚಿನಲ್ಲಿ ಗುಡಾರ ಎದ್ದಿತು. ಮಳೆ ಬಂದ ಮೇಲೆ ವಾಪಸ್ಸು ಹೋಗುವುದೆಂದೇ ಗೂಟಗಳನ್ನು ಮೇಲುಮೇಲೆ ನೆಟ್ಟಿದ್ದರು. ಗಂಡ ಬಂದರಿನ ಕಡೆ ಕೂಲಿ ಹುಡುಕಿಕೊಂಡು ಹೋದ. ಮುನೀನಾ ಒಬ್ಬಳೇ ಕೂತಿದ್ದಳು, ಎದೆ ಕಲ್ಲಿನ ಹಾಗೆ ಬಿಗಿದು. ಮಗು ಸತ್ತಿದ್ದರೂ ಹಾಲಿಗೆ ಅದು ಗೊತ್ತಾಗಿರಲಿಲ್ಲ.

ಐದನೆಯ ದಿನ ಒಬ್ಬ ಹೆಂಗಸು ಬಂದಳು. ಮುಖದ ಮೇಲಿನ ಬಟ್ಟೆ ಸರಿಸಲಿಲ್ಲ, ಸಲಾಮು ಹೇಳುವಷ್ಟೂ ದನಿಯಿರಲಿಲ್ಲ, ಗುಡಾರದ ನೆರಳಿಗೆ ಬಂದು ಕುಸಿದಳು. ಕಂಕುಳಲ್ಲಿ ಕೂಸು. ಅತಿಥಿ ಎಂದರೆ ಅತಿಥಿ. ಮೂರು ದಿನ ಅವರ ಹೆಸರು, ಕುಲ, ಎಲ್ಲಿಂದ ಬಂದಿರಿ, ಎಲ್ಲಿಗೆ ಹೋಗುತ್ತೀರಿ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಕೊಟ್ಟ ಅನ್ನಕ್ಕೆ ಲೆಕ್ಕ ಕೇಳಿದ ಹಾಗೆ. ಹತ್ತೊಂಬತ್ತರ ಮುನೀನಾಗೆ ಅಷ್ಟು ಮರ್ಯಾದೆ ಚೆನ್ನಾಗಿ ಗೊತ್ತಿತ್ತು. ಉಳಿದಿದ್ದ ಗೋಧಿ ಹಿಟ್ಟನ್ನು ಗಂಜಿ ಮಾಡಿ ಹೆಂಗಸಿಗೆ ಕುಡಿಸಿದಳು. ಕೂಸು ಅಳುತ್ತಲೂ ಇರಲಿಲ್ಲ, ಬಾಯಿ ಮಾತ್ರ ಗಾಳಿಯಲ್ಲಿ ಹುಡುಕುತ್ತಿತ್ತು. ಎತ್ತಿ ಎದೆಗೆ ಹಚ್ಚಿದಳು.

"ಅಷ್ಟು ಜೋರಾಗಿ ಎಳೀತು," ಎಂದು ಪ್ರತಿಸಲ ಹೇಳುವಾಗಲೂ ಅವಳು ಎದೆಯ ಮೇಲೆ ಕೈಯಿಟ್ಟುಕೊಳ್ಳುತ್ತಿದ್ದಳು, "ನನ್ನ ಬೆನ್ನುಮೂಳೆಯಿಂದ ಎಳೆದ ಹಾಗಾಯ್ತು. ಆಗ ನಾನು ಅತ್ತೆ. ಮಗಳು ಸತ್ತಾಗ ಅತ್ತಿರಲಿಲ್ಲ ನೋಡು, ಆಗ ಅತ್ತೆ."

ಎರಡು ದಿನ ಕುಡಿಸಿದಳು. ಮಗಳ ತಾಯತ ತಂದು ಆ ಗಂಡು ಕೂಸಿನ ಕೊರಳಿಗೆ ಕಟ್ಟಿದಳು. ಮೂರನೆಯ ದಿನ ಸಂಜೆಗೆ ಮೂರು ಪೂರ್ತಿಯಾಗುತ್ತಿತ್ತು. ಆಗ ಹೆಸರು ಕೇಳಿದರಾಯಿತು ಎಂದುಕೊಂಡು ಬೆಳಿಗ್ಗೆ ನೀರಿನ ಸಾಲಿಗೆ ಹೋದಳು. ಅಲ್ಲಿದ್ದಾಗ ಮರಳುಗಾಳಿ ಎದ್ದಿತು. ಕಣ್ಣು ಬಿಡಲಾಗದೆ ಗುಡಾರಗಳ ಹಗ್ಗ ಹಿಡಿದು ಹಿಡಿದು ವಾಪಸ್ಸು ಬಂದಾಗ ಒಳಗೆ ಯಾರೂ ಇರಲಿಲ್ಲ. ಹೆಂಗಸು ಮಲಗಿದ್ದ ತಗ್ಗನ್ನೂ ಆಗಲೇ ಮರಳು ಸಮ ಮಾಡಿತ್ತು.

ಹಾಲು ಕೊಟ್ಟವಳು ತಾಯಿ. ಒಂದು ಗುಟುಕಾದರೂ ಸಾಕು. ಅವಳ ಹೊಟ್ಟೆಯಲ್ಲಿ ಹಿಂದೆ ಹುಟ್ಟಿದವರು, ಮುಂದೆ ಹುಟ್ಟುವವರು ಎಲ್ಲ ಆ ಕೂಸಿಗೆ ಒಡಹುಟ್ಟಿದವರೇ. ಅವರ ನಡುವೆ ಮದುವೆ ಎಂದಿಗೂ ಆಗುವುದಿಲ್ಲ. ಅದಕ್ಕೇ ಹಾಲು ಕೊಟ್ಟವರು ಎರಡೂ ಮನೆಗೆ ತಿಳಿಸಬೇಕು, ಸಾಕ್ಷಿ ಇಡಬೇಕು. ಮುನೀನಾ ಯಾರಿಗೆಂದು ತಿಳಿಸುವುದು? ಅತಿಥಿಯ ಮರ್ಯಾದೆ ಕಾಯಲು ಹೋಗಿ ಹಾಲಿನ ಮರ್ಯಾದೆ ತಪ್ಪಿದ್ದಳು. ಎಲ್ಲೋ ಒಬ್ಬ ಮಗ ಬೆಳೆಯುತ್ತಿದ್ದಾನೆ, ಅವನಿಗೆ ತಾನು ಯಾರ ಮಗನೆಂದು ಗೊತ್ತಿಲ್ಲ.

ಮಳೆ ಬಂತು, ಅವರು ವಾಪಸ್ಸು ಹೋಗಲಿಲ್ಲ. ಹೋಗಲು ಅಲ್ಲಿ ಏನೂ ಉಳಿದಿರಲಿಲ್ಲ. ಗುಡಾರದ ಪಕ್ಕ ಹಲಗೆಯ ಗೂಡು, ಅದು ಹೋಗಿ ತಗಡು, ತಗಡು ಹೋಗಿ ಸಿಮೆಂಟು. ಊರು ಅವರನ್ನು ದಾಟಿಕೊಂಡು ಮರಳಿನೊಳಗೆ ಮೈಲಿಗಟ್ಟಲೆ ಹೋಯಿತು. ಅಂಚಿನಲ್ಲಿದ್ದ ಮನೆ ನಡುವಿಗೆ ಬಂತು. ಮುನೀನಾ ಪುದೀನ ಮಾರಿದಳು, ಬಟ್ಟೆಗೆ ಬಣ್ಣ ಹಾಕಿದಳು, ತಾರ್ಬಾ ಮತ್ತು ಸೆಲ್ಕಾ ಎಂಬ ಇಬ್ಬರು ಹೆಣ್ಣುಮಕ್ಕಳನ್ನು ಹೆತ್ತಳು, ಗಂಡನನ್ನು ಮಣ್ಣು ಮಾಡಿದಳು. ಅಂಗಳದಲ್ಲಿ ಆ ಹಳೆಯ ಗುಡಾರ ಇವತ್ತಿಗೂ ನಿಂತಿದೆ, ಅವಳು ಮಲಗುವುದು ಅದರಲ್ಲೇ. ಗೋಡೆ ಇರುವ ಕಡೆ ಆ ಹೆಂಗಸು ವಾಪಸ್ಸು ಬಂದರೆ ಗುರುತು ಹಿಡಿಯುವುದು ಹೇಗೆ ಎನ್ನುತ್ತಾಳೆ. ಬಸ್ಸಿನಲ್ಲಿ ಯಾರದ್ದೋ ಕೂಸು ಅತ್ತರೆ ಈ ವಯಸ್ಸಿನಲ್ಲೂ ಎದೆ ಹಿಡಿದುಕೊಂಡು ಕೆಳಗಿಳಿದುಬಿಡುತ್ತಾಳೆ. ಗಾಳಿ ಏಳುವ ದಿನ ಬಾಗಿಲ ಕಡೆಯಿಂದ ಚೀಪುವ ಸದ್ದು ಕೇಳುತ್ತದಂತೆ. ಚಿಕ್ಕಂದಿನಲ್ಲಿ ಸೆಲ್ಕಾಗೂ ಕೇಳಿಸುತ್ತಿತ್ತು. ಅಥವಾ ಅಮ್ಮ ಕೇಳುತ್ತದೆ ಅಂದದ್ದಕ್ಕೆ ಕೇಳಿಸುತ್ತಿತ್ತು.

ಹೆಣ್ಣು ಕೇಳಿಕೊಂಡು ಯಾರೇ ಬರಲಿ, ಮುನೀನಾಳ ಮೊದಲ ಪ್ರಶ್ನೆ ಒಂದೇ. "ಬರದ ವರ್ಷ ಹುಡುಗನ ತಾಯಿ ಎಲ್ಲಿದ್ದರು?" ಬೀದಿಯವರು ಅದನ್ನೇ ಅವಳಿಗೆ ಅಡ್ಡಹೆಸರು ಮಾಡಿದ್ದರು. ತಾರ್ಬಾಳ ಮದುವೆಗೆ ಚಪ್ಪರ ಹಾಕಿದ ಮೇಲೆ ವರನ ತಾಯಿ, "ಎಲ್ಲಿದ್ವೋ ಏನೋ, ಯಾರಿಗೆ ನೆನಪು," ಎಂದಳೆಂದು ಚಪ್ಪರ ಬಿಚ್ಚಿಸಿದ್ದಳು. ತಾರ್ಬಾ ಆಮೇಲೆ ಬೇರೆ ಊರಿಗೆ ಮದುವೆಯಾಗಿ ಹೋದವಳು ನಾಲ್ಕು ವರ್ಷ ತಾಯಿಯ ಜೊತೆ ಮಾತಾಡಲಿಲ್ಲ. ಸೆಲ್ಕಾಗೆ ಯೆಸ್ಲಮ್ ಕಡೆಯ ಸಂಬಂಧ ಬಂದಾಗ ಅವನ ಚಿಕ್ಕಪ್ಪ ಬಂದು, "ನಮ್ಮದು ಉತ್ತರದ ಅಟಾರ್, ಖರ್ಜೂರದ ತೋಟ, ತಾಯಿ ಅಲ್ಲೇ ಇದ್ದರು," ಎಂದು ಖಡಾಖಂಡಿತ ಹೇಳಿದ್ದ. ಮುನೀನಾ ಒಪ್ಪಿದಳು. ಅಳಿಯನ ಮುಖವನ್ನು ಅವಳು ಸರಿಯಾಗಿ ನೋಡಿದವಳೂ ಅಲ್ಲ. ಹೆಂಡತಿಯ ತಾಯಿ ಎದುರಾದರೆ ಗಂಡಸು ರುಮಾಲಿನಲ್ಲಿ ಮುಖ ಮುಚ್ಚಿಕೊಂಡು ಬೇರೆ ದಾರಿ ಹಿಡಿಯಬೇಕು. ಇನ್ನು ಅವನ ಹೊಟ್ಟೆ ನೋಡುವುದೆಲ್ಲಿಂದ ಬಂತು.

ನೋಡಿದವಳು ಸೆಲ್ಕಾ. ಮತ್ತು ಅವಳಿಗೆ ಇನ್ನೊಂದು ಮಾತು ನೆನಪಿತ್ತು. ಮದುವೆಯಾದ ಹೊಸತರಲ್ಲಿ ಯೆಸ್ಲಮ್ ಹೇಳಿದ್ದ: "ನಾನೂ ಈ ಊರಿನವನೇ ಕಣೆ. ಬರದ ವರ್ಷ ಅಮ್ಮ ಕೂಸು ಎತ್ಕೊಂಡು ಇಲ್ಲಿಗೆ ಬಂದಿದ್ಲಂತೆ, ಎದೇಲಿ ಹಾಲಿರಲಿಲ್ಲವಂತೆ, ಒಂದೇ ಒಂದು ಸಲ ಹೇಳಿದ್ಲು. ಆಮೇಲೆ ಕೇಳಿದ್ರೆ ಬೈದ್ಲು." ಚಿಕ್ಕಪ್ಪ ಅಷ್ಟು ಖಡಾಖಂಡಿತ ಹೇಳಿದ್ದರಿಂದ ಅವತ್ತು ಅದು ಬರೀ ತಮಾಷೆಯ ಮಾತಾಗಿತ್ತು.

ಯೆಸ್ಲಮ್‌ನ ಗುರುತಿನ ಚೀಟಿಯಲ್ಲಿ ಹುಟ್ಟಿದ ದಿನ ಡಿಸೆಂಬರ್ ಮೂವತ್ತೊಂದು. ಅದರಿಂದ ಏನೂ ತಿಳಿಯುವಂತಿರಲಿಲ್ಲ. ಗುಡಾರಗಳಲ್ಲಿ ಹುಟ್ಟಿದ ಅರ್ಧ ಊರಿನ ಚೀಟಿಯಲ್ಲಿ ಅದೇ ದಿನವಿದೆ. ವರ್ಷವನ್ನು ಗುಮಾಸ್ತ ಮುಖ ನೋಡಿ ಅಂದಾಜಿನಲ್ಲಿ ಬರೆದಿರುತ್ತಾನೆ.

ಅವನಿಗೆ ಕೆಲಸ ಪೂರ್ವದ ಹೆದ್ದಾರಿಯಲ್ಲಿ. ರಸ್ತೆಯ ಮೇಲೆ ಏರಿ ಬರುವ ಮರಳನ್ನು ದೊಡ್ಡ ಯಂತ್ರದಿಂದ ತಳ್ಳುವುದು. ಇವತ್ತು ತಳ್ಳಿದ್ದು ನಾಳೆ ಮತ್ತೆ ಅಲ್ಲೇ ಇರುತ್ತದೆ. ಸಂಜೆ ಕಿವಿಯಲ್ಲಿ, ಹುಬ್ಬಿನಲ್ಲಿ ಮರಳು ತುಂಬಿಕೊಂಡು ಬರುತ್ತಿದ್ದ. ಸೆಲ್ಕಾ ಹನ್ನೊಂದು ದಿನದಿಂದ ಮಗುವಿನ ನೆಪ ಹೇಳಿ ಬೇರೆ ಕೋಣೆಯಲ್ಲಿ ಮಲಗುತ್ತಿದ್ದಳು. ಅವನು ಲೋಟ ಕೊಡುವಾಗ ಬೆರಳು ತಾಗಿದರೆ ಕೈ ಎಳೆದುಕೊಳ್ಳುತ್ತಿದ್ದಳು.

"ಏನು, ನಾನು ನಾರ್ತಿದೀನಾ?" ಎಂದು ಕೇಳಿದ ಯೆಸ್ಲಮ್ ಮೊದಮೊದಲು.

"ಇಲ್ಲ. ಮಗೂಗೆ ನಿದ್ದೆ ಬರಲ್ಲ."

"ಮಗು ಗೊರಕೆ ಹೊಡೀತಿದೆ."

"ಅದು ಮೂಗು ಕಟ್ಟಿರೋದು."

"ಹಂಗಾದ್ರೆ ಬರ್ಕೋ ನಿನ್ನ ಪುಸ್ತಕದಲ್ಲಿ. ಗಂಡನ ಮೂಗೂ ಕಟ್ಟಿದೆ ಅಂತ ಕೆಳಗೆ ಬರಿ."

ಅವಳು ನಗಲು ನೋಡಿದಳು. ನಗು ಬರುವ ಮೊದಲೇ ಅವನ ತುಟಿಯ ಓರೆ ತನ್ನ ತುಟಿಯ ಓರೆಯ ಹಾಗೇ ಇದೆಯೇ ಎಂದು ಹುಡುಕುತ್ತಿದ್ದಳು. ಮಗುವಿನ ಮುಖವನ್ನಂತೂ ಗಂಟೆಗಟ್ಟಲೆ ನೋಡುತ್ತಿದ್ದಳು. ಹಾಲಿನ ನಂಟು ಮುಖದಲ್ಲಿ ಕಾಣುವುದಿಲ್ಲ ಎಂದು ಅವಳ ಓದಿಗೆ ಗೊತ್ತಿತ್ತು, ಕಣ್ಣಿಗೆ ಗೊತ್ತಿರಲಿಲ್ಲ. ಎಷ್ಟೋ ಮಕ್ಕಳಿಗೆ ಮೂರು ಗೀಟು ಇರುತ್ತದೆ, ಬಿಂತಾಳ ನಾಲ್ಕು ಮಕ್ಕಳಿಗೂ ಇದೆ ಎಂದು ತನಗೆ ತಾನೇ ಹೇಳಿಕೊಂಡಳು. ಆ ಸಮಾಧಾನ ಅಡುಗೆಮನೆಯಿಂದ ಅಂಗಳಕ್ಕೆ ಹೋಗುವಷ್ಟು ಹೊತ್ತು ಮಾತ್ರ ನಿಲ್ಲುತ್ತಿತ್ತು. ಅಮ್ಮನಿಗೆ ಹೇಳಿದರೆ ಅಮ್ಮ ಆ ಗಳಿಗೆಯೇ ಬಂದು ಮಗಳ ಬಟ್ಟೆಬರೆ ಗಂಟು ಕಟ್ಟಿಸಿ ತನ್ನ ಮನೆಗೆ ಕರೆದೊಯ್ಯುತ್ತಾಳೆ. ಗಂಡನಿಗೆ ಹೇಳಿದರೆ, ಹೇಳಿದ ಮೇಲೆ ಅವನು ಗಂಡನಾಗಿ ಉಳಿಯುತ್ತಾನೋ ಇಲ್ಲವೋ. ಕೇಳಬೇಕಾದವರು ಅಟಾರ್‌ನಲ್ಲಿದ್ದ ಅತ್ತೆ ಖದ್ದೂಜಾ ಒಬ್ಬರೇ. ಸೆಲ್ಕಾ ಫೋನಿನಲ್ಲಿ ಆ ಹೆಸರು ತೆಗೆಯುತ್ತಿದ್ದಳು, ಮುಚ್ಚುತ್ತಿದ್ದಳು.

ಹನ್ನೆರಡನೆಯ ದಿನ ಯೆಸ್ಲಮ್ ಬೆಳಿಗ್ಗೆ ಬೂಟು ಹಾಕಿಕೊಳ್ಳುತ್ತ ಹೇಳಿದ: "ಅಮ್ಮನಿಗೆ ಮರೆವು ಶುರುವಾಗಿದೆಯಂತೆ. ನಿನ್ನೆ ಫೋನ್ ಮಾಡಿದ್ರೆ ನನ್ನನ್ನ ಅಪ್ಪನ ಹೆಸರು ಹಿಡಿದು ಕರೆದ್ಲು. ಒಲೆ ಮೇಲೆ ಇಟ್ಟಿದ್ದು ಮರೀತಾಳೆ, ಬೆಳಗಿನ ನಮಾಜು ಎರಡು ಸಲ ಮಾಡ್ತಾಳೆ. ಹಳೇ ನೆನಪಾದ್ರೂ ಎಷ್ಟು ದಿನ ಇರುತ್ತೋ."

ಬಾಗಿಲ ಹತ್ತಿರ ಅವನು ನಿಂತ. "ಹೆದ್ದಾರಿ ಕ್ಯಾಂಪಿನಲ್ಲಿ ಆರು ತಿಂಗಳು ಇರೋಕೆ ಜನ ಬೇಕಂತೆ. ಹೋಗಲಾ? ಇಲ್ಲಿ ಹೇಗಿದ್ರೂ ನಾನು ಅತಿಥಿ ಥರ ಇದೀನಿ."

"ನಾಳೆ ಹೇಳ್ತೀನಿ," ಎಂದಳು.

ಅವನು ಹೋದ ಮೇಲೆ ಅವಳು ಮಗುವಿನ ಮುಂದೆ ಕೂತಳು. ಹೊರಗೆ ಗಾಳಿ ಏಳುತ್ತಿತ್ತು, ಬೆಳಕು ಹಳದಿಗೆ ತಿರುಗುತ್ತಿತ್ತು. ಇನ್ನೊಂದು ವರ್ಷ ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಅತ್ತೆಯ ತಲೆಯಲ್ಲಿ ಅದನ್ನೂ ಮರಳು ಸಮ ಮಾಡಿಬಿಡುತ್ತದೆ. ಆಮೇಲೆ ಕೇಳಿದರೂ ಹೇಳುವವರಿಲ್ಲ; ಗೊತ್ತಿಲ್ಲದ ತಪ್ಪಿಗೆ ದೇವರೂ ಕೇಳುವುದಿಲ್ಲ. ಈ ಯೋಚನೆ ಬಂದಾಗ ಅವಳಿಗೆ ಹನ್ನೆರಡು ದಿನದಲ್ಲಿ ಮೊದಲ ಸಲ ಹಗುರಾಯಿತು. ಮಗುವನ್ನು ಎತ್ತಿ ಹಾಲು ಕುಡಿಸಲು ಕೂತಳು.

ಮಗು ಬಾಯಿ ಹಚ್ಚಿ ಎಳೆಯಿತು. ಚೀಪುವ ಸದ್ದು ಕೇಳಿದ್ದೇ ಸೆಲ್ಕಾ ಬೆಚ್ಚಿ ಬಾಗಿಲ ಕಡೆ ನೋಡಿದಳು. ಬಾಗಿಲಲ್ಲಿ ಯಾರೂ ಇರಲಿಲ್ಲ. ಸದ್ದು ಅವಳ ತೊಡೆಯ ಮೇಲಿನದೇ. ಹಾಗೆ ಬಾಗಿಲು ನೋಡುತ್ತ ನಲವತ್ತು ವರ್ಷ ಕಳೆದ ಒಬ್ಬಳು ಎರಡು ಬೀದಿ ಆಚೆ ಗುಡಾರದಲ್ಲಿ ಕೂತಿದ್ದಳು. ಲೆಮೀನಾಗೆ ಮದುವೆಯ ವಯಸ್ಸು ಬರುವಾಗ ತಾನೂ ಹೀಗೇ ಕೂತಿರುತ್ತೇನೆ ಎಂಬುದು ಅವಳಿಗೆ ನೆಟ್ಟಗೆ ಕಂಡಿತು. ಒಂದು ಕೈಯಲ್ಲಿ ಮಗು ಹಿಡಿದುಕೊಂಡೇ ಇನ್ನೊಂದರಲ್ಲಿ ಫೋನು ತೆಗೆದು ಒತ್ತಿದಳು.

"ಯಾರು? ಝೈನಾ?"

"ನಾನು ಸೆಲ್ಕಾ, ಅತ್ತೆ. ಯೆಸ್ಲಮ್ ಹೆಂಡತಿ."

"ಓ, ಸೆಲ್ಕಾ. ಚೆನ್ನಾಗಿದ್ದೀಯಾ? ಮನೆ ಚೆನ್ನಾಗಿದೆಯಾ? ಮಗು ಚೆನ್ನಾಗಿದೆಯಾ? ಕೆಟ್ಟದ್ದೇನೂ ಇಲ್ಲ ತಾನೆ?"

"ಕೆಟ್ಟದ್ದೇನೂ ಇಲ್ಲ. ನೀವು ಹೇಗಿದ್ದೀರಿ, ಮೈ ಹೇಗಿದೆ, ಬಿಸಿಲು ಹೇಗಿದೆ?"

ಕುಶಲ ಎರಡು ಸುತ್ತು ಬಂತು. ಮೂರನೆಯ ಸುತ್ತಿಗೆ ಅತ್ತೆ ಮತ್ತೆ, "ಝೈನಾ, ಚೆನ್ನಾಗಿದ್ದೀಯಾ?" ಎಂದರು. ಸೆಲ್ಕಾ ಕಣ್ಣು ಮುಚ್ಚಿಕೊಂಡಳು.

"ಅತ್ತೆ, ಒಂದು ಮಾತು ಕೇಳಬೇಕು. ಬೈಯಬೇಡಿ. ಬರದ ವರ್ಷ ನೀವು ಕೂಸು ಎತ್ಕೊಂಡು ಇಲ್ಲಿಗೆ ಬಂದಿದ್ದಿರಾ? ಇಲ್ಲಿ ಯಾರಾದ್ರೂ ಆ ಕೂಸಿಗೆ ಹಾಲು ಕೊಟ್ಟಿದ್ರಾ?"

ಫೋನಿನ ಆ ಕಡೆ ಎಲ್ಲೋ ಮೇಕೆ ಅರಚಿತು.

"ಯಾರು ಹೇಳಿದ್ರು ನಿನಗೆ?" ಎಂದರು ಖದ್ದೂಜಾ. ದನಿಯಲ್ಲಿ ಮರೆವಿನ ತೇಲು ಇರಲಿಲ್ಲ. "ಹಾಲು ಕೊಟ್ಟವಳ ವಿಷಯ ನಾನು ಯಾರಿಗೂ ಹೇಳಿಲ್ಲ."

"ಆ ಕೂಸು ಯೆಸ್ಲಮ್ಮಾ, ಅತ್ತೆ?"

"ಯೆಸ್ಲಮ್ ಎಲ್ಲಿಂದ ಬಂದ? ಅವನು ಹುಟ್ಟಿದ್ದು ಮಾರನೇ ವರ್ಷ, ಇಲ್ಲಿ, ಈ ತೋಟದಲ್ಲಿ. ಅದು ಸೀದಾತಿ. ನನ್ನ ಮೊದಲನೇದು."

"ಆ ಬರೆ..."

"ಬರೆ ನಮ್ಮಮ್ಮ ಹಾಕಿದ್ದು. ಅವಳ ಕೈಗೆ ಸಿಕ್ಕ ಮಕ್ಕಳಿಗೆಲ್ಲ ಹಾಕೋಳು. ಸೀದಾತಿಗೂ ಹಾಕಿದ್ಲು, ಯೆಸ್ಲಮ್‌ಗೂ ಹಾಕಿದ್ಲು. ಮೂರನೇ ದಿನ ನಮ್ಮನ್ನ ಕರ್ಕೊಂಡು ಹೋಗೋಕೆ ನಮ್ಮಣ್ಣ ಲಾರಿ ತಂದ. ಗಾಳಿ ಎದ್ದಿತ್ತು, ಡ್ರೈವರು ಕಾಯಲ್ಲ ಅಂದ. ಹುಡುಗಿ ನೀರಿಗೆ ಹೋಗಿದ್ದಳು. ಒಂದು ಮಾತು ಹೇಳದೆ ಹೊರಟೆ, ಅವಳ ಗಂಜಿ ಕುಡಿದು, ಅವಳ ಎದೆಹಾಲು ಕುಡಿಸಿ. ಮಗೂನ ಕೊರಳಿಗೆ ಅವಳದೊಂದು ತಾಯತ ಇತ್ತು, ಅದನ್ನೂ ಎತ್ಕೊಂಡು ಬಂದ್ಬಿಟ್ಟೆ ಕಳ್ಳಿ ಥರ. ಖರ್ಜೂರ ಹಣ್ಣಾಗೋವರೆಗೂ ಇದ್ದ ಸೀದಾತಿ. ತಾಯತದ ಜೊತೇನೇ ಮಣ್ಣು ಮಾಡಿದ್ವಿ. ಬಿಚ್ಚೋಕೆ ನನಗೇನು ಹಕ್ಕು?"

ಸೆಲ್ಕಾಳ ಎದೆಯಿಂದ ಹನ್ನೆರಡು ದಿನದ ಕಲ್ಲು ಜಾರಿತು. ಹಾಲಿನ ನಂಟು ಕುಡಿದವನಿಗೆ ಮಾತ್ರ, ಅವನ ಹಿಂದೆ ಹುಟ್ಟಿದ ತಮ್ಮನಿಗಲ್ಲ. ಯೆಸ್ಲಮ್ ಅವಳ ಗಂಡನೇ. ಇಷ್ಟೂ ದಿನ ಈ ಗಳಿಗೆಗೆ ಕಾದಿದ್ದವಳು, ಈಗ ಖುಷಿಪಡಲು ನೋಡಿದರೆ ಆಗಲಿಲ್ಲ. ಅವಳಿಗೆ ಒಬ್ಬ ಅಣ್ಣ ಸಿಕ್ಕಿದ್ದ, ಅದೇ ಮಾತಿನಲ್ಲಿ ಸತ್ತೂ ಹೋಗಿದ್ದ. ಅಮ್ಮ ನಲವತ್ತು ವರ್ಷ ಊರೆಲ್ಲ ಹುಡುಕಿದ ಮಗ ಆ ವರ್ಷದ ಬೇಸಿಗೆಯನ್ನೂ ದಾಟಿರಲಿಲ್ಲ.

"ಆ ಹುಡುಗಿ ನಿನಗೆ ಹೇಗೆ ಗೊತ್ತು?" ಎಂದು ಕೇಳಿದರು ಅತ್ತೆ. "ಬದುಕಿದಾಳಾ? ನನ್ನನ್ನ ಶಪಿಸ್ತಾಳಾ?"

"ನಮ್ಮಮ್ಮ, ಅತ್ತೆ. ಮುನೀನಾ."

ಫೋನಿನಲ್ಲಿ ಅಳು ಕೇಳಿತು. ಮುದುಕಿಯರ ಅಳು, ಸದ್ದು ಕಡಿಮೆ. ಸೆಲ್ಕಾ ಮಗುವನ್ನು ಬೆನ್ನಿಗೆ ಕಟ್ಟಿಕೊಂಡಳು, ಸೆರಗಿನಿಂದ ಅದರ ಮುಖ ಮುಚ್ಚಿದಳು, ಗಾಳಿಯಲ್ಲಿ ಮಗುವನ್ನು ಹೊರಗೆ ಒಯ್ಯಬಾರದೆಂದು ತಾನೇ ನೋಟ್‌ಪುಸ್ತಕದ ಮೊದಲ ಹಾಳೆಯಲ್ಲಿ ಬರೆದಿದ್ದು ನೆನಪಾಗದೆ ಬಾಗಿಲು ತೆಗೆದಳು.

"ಫೋನ್ ಇಡಬೇಡಿ ಅತ್ತೆ. ಎರಡೇ ಬೀದಿ. ಅಮ್ಮನ ಹತ್ರ ಹೋಗ್ತಾ ಇದ್ದೀನಿ. ಅಲ್ಲಿಯವರೆಗೂ ಏನಾದ್ರೂ ಮಾತಾಡ್ತಿರಿ."

"ಏನು ಮಾತಾಡ್ಲಿ?"

"ಸೀದಾತಿ ವಿಷಯ ಹೇಳಿ. ಹೇಗಿದ್ದ?"

ಎದುರಿನ ಗೋಡೆಯೂ ಕಾಣದಷ್ಟು ಮರಳು ಹಾರುತ್ತಿತ್ತು. ಸೆಲ್ಕಾ ಒಂದು ಕೈಯಲ್ಲಿ ಗೋಡೆ ಸವರಿಕೊಂಡು ನಡೆದಳು. ಕಿವಿಯಲ್ಲಿ ಅತ್ತೆಯ ದನಿ, ನಿಂತು ನಿಂತು, ಅವನಿಗೆ ಕೆಳಗೆ ಎರಡು ಹಲ್ಲು ಬಂದಿತ್ತೆಂದು ಹೇಳುತ್ತಿತ್ತು.